ಕೆಂಪು ದೀಪದಲ್ಲಿ ಬಲಕ್ಕೆ

ನಾನು ಒಂದು ಪುಟ್ಟ ನೀಲಿ ಕಾರು. ಅಮೆರಿಕದ ಒಹಾಯೊ ಸೀಮೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಕಬ್ಬಿಣದ ಕೈಗಳು ನನ್ನ ಮೈಯನ್ನು ಬೆಸೆದವು. ಕೊನೆಗೆ ಒಬ್ಬ ಹೆಂಗಸು ಬಾಗಿಲು ಸರಿಯಾಗಿ ಕೂತಿದೆಯೇ ಎಂದು ಅಂಗೈಯಿಂದ ತಟ್ಟಿ ನೋಡಿದಳು. ಮನುಷ್ಯರ ಕೈ ನನಗೆ ತಗುಲಿದ್ದು ಆಗಲೇ ಮೊದಲು.

ನನಗೆ ಗೇರನ್ನು ಕೈಯಲ್ಲೇ ಹಾಕಬೇಕು, ಕ್ಲಚ್ಚನ್ನು ಕಾಲಲ್ಲೇ ಒತ್ತಬೇಕು. ಅದು ದೋಷವೆಂದು ನನಗೆ ತಿಳಿದದ್ದು ಮಾರಾಟದ ಅಂಗಳಕ್ಕೆ ಬಂದ ಮೇಲೆ. ಬಂದವರೆಲ್ಲ ತಾವಾಗಿಯೇ ಗೇರು ಬದಲಿಸಿಕೊಳ್ಳುವ ಎತ್ತರದ ಗಾಡಿಗಳ ಕಡೆಗೆ ನಡೆದುಬಿಡುತ್ತಿದ್ದರು. ಒಂದು ಚಳಿಗಾಲ ಪೂರ್ತಿ ಹಿಮ ಹೊತ್ತುಕೊಂಡು ಮೂಲೆಯಲ್ಲಿ ನಿಂತೆ.

ಆಮೇಲೆ ಸುಗುಣಾಬಾಯಿ ಕರ್ಕಡ ಬಂದರು. ಊರಿನ ಆಸ್ಪತ್ರೆಯಲ್ಲಿ ಅಪಘಾತದವರನ್ನು ನೋಡಿಕೊಳ್ಳುವ ನರ್ಸು. ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದರು. ಬೆಟಗೇರಿಯಲ್ಲಿ ಅವರ ತಂದೆ ಮಿಶನ್ ಆಸ್ಪತ್ರೆಯ ಜೀಪು ಓಡಿಸುತ್ತಿದ್ದರಂತೆ. ಮಗಳು ನಡೆಯಲು ಕಲಿತದ್ದೂ ಜೀಪಿನ ಹೆಸರು ಹೇಳಲು ಕಲಿತದ್ದೂ ಒಟ್ಟಿಗೇ ಎಂದು ಅವರ ಮನೆಯಲ್ಲಿ ನಗುತ್ತಿದ್ದರಂತೆ. ಮಾರುವವನು ಅವರನ್ನು ಬಿಟ್ಟು ಜೊತೆಗೆ ಬಂದಿದ್ದ ಗಂಡನ ಕಡೆ ನೋಡಿ, "ಗೇರಿನ ಗಾಡಿ ನಿಮಗೆ ಬರುತ್ತದೆಯೇ?" ಎಂದ.

ಗಂಡ ಆನಂದರಾಯರು ಕಾಲೇಜಿನ ಲೈಬ್ರರಿಯಲ್ಲಿದ್ದವರು. ಕುಳ್ಳಗಿನ, ಸಣ್ಣ ಮೈಕಟ್ಟಿನ ಮನುಷ್ಯ. "ನನಗೆ ಸೈಕಲ್ಲೂ ಬರೋದಿಲ್ಲ, ಅವರನ್ನೇ ಕೇಳಪ್ಪಾ" ಎಂದರು.

ಅಂದಿನಿಂದ ಸುಗುಣಾಬಾಯಿ ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತ ಗಾಡಿ ಹೊಡೆದರು. "ನೋಡು ಅವನ್ನ. ಒಂದು ಕೈಯಾಗ ಫೋನು, ಇನ್ನೊಂದು ಕೈಯಾಗ ಬರ್ಗರ್. ಸ್ಟೀರಿಂಗ್ ಯಾರು ಹಿಡದಾರ, ದೇವರ?" ಬ್ಯಾಂಕು, ಕಾಫಿ, ಔಷಧಿ, ಎಲ್ಲಕ್ಕೂ ಕಾರಿನಿಂದ ಇಳಿಯದೆ ಕಿಟಕಿಯಲ್ಲೇ ಕೈ ಚಾಚುವ ಊರು ಅದು. "ಈ ಮಂದಿಗೆ ಗಾಡಿ ಅಂದ್ರ ಜೀವ. ಗಾಡಿ ಹೊಡಿಯೂದಂದ್ರ ಮಾತ್ರ ಬ್ಯಾಸರ" ಎನ್ನುತ್ತಿದ್ದರು. ಆದರೆ ನ್ಯಾಯವಾಗಿ ಹೊಗಳುವುದನ್ನೂ ಹೊಗಳುತ್ತಿದ್ದರು. ನರಪಿಳ್ಳೆ ಇಲ್ಲದ ಕೂಡುರಸ್ತೆಯಲ್ಲೂ ಇವರು ಗಾಡಿ ನಿಲ್ಲಿಸುತ್ತಾರೆ. ಆಂಬುಲೆನ್ಸಿನ ಸದ್ದು ಕೇಳಿದರೆ ಇಡೀ ರಸ್ತೆ ಪಕ್ಕಕ್ಕೆ ಸರಿಯುತ್ತದೆ. ಇದನ್ನು ಕಂಡಾಗಲೆಲ್ಲ ಅವರ ಕಣ್ಣು ಒದ್ದೆಯಾಗುತ್ತಿತ್ತು.

ಪಕ್ಕದ ಮನೆಯ ಲಾಯ್ಡ್ ಟಯರು ಕಾರ್ಖಾನೆಯಿಂದ ನಿವೃತ್ತನಾದವನು. ಅವನ ಹತ್ತಿರ ಹಡಗಿನಂಥ ಹಳೆಯ ಕಾರೊಂದಿತ್ತು. ಭಾನುವಾರ ಚರ್ಚು ಮುಗಿಸಿ ಬಂದು ಅವನೂ ಸುಗುಣಾಬಾಯಿಯೂ ನಮ್ಮಿಬ್ಬರ ಬಾನೆಟ್ಟು ತೆರೆದು ಜಗಳಾಡುತ್ತ ನಿಲ್ಲುತ್ತಿದ್ದರು. ಆನಂದರಾಯರು ಚಹಾ ತಂದುಕೊಟ್ಟು, "ರೋಗಿ ಉಳೀತದೇನ್ರಿ?" ಎಂದು ಕೇಳಿ ಹೋಗುತ್ತಿದ್ದರು.

ವಯಸ್ಸಾದಂತೆ ಲಾಯ್ಡ್‌ನ ಮಂಡಿ ಹಿಡಿದುಕೊಂಡಿತು. ತಗ್ಗಿನ ಸೀಟಿನಿಂದ ಏಳುವುದಾಗದೆ ಹಳೆಯ ಕಾರನ್ನು ಮಾರಿ, ಎತ್ತರದ ಪಿಕಪ್ ಟ್ರಕ್ಕು ತಂದ. ಅದು ಬಂದು ನಿಂತರೆ ನನ್ನ ಮೇಲೆ ಮಧ್ಯಾಹ್ನವೇ ನೆರಳು ಬೀಳುತ್ತಿತ್ತು.

"ಎತ್ತರದಲ್ಲಿ ಕೂತರೆ ಎಲ್ಲ ಕಾಣುತ್ತದೆ ಸುಗುಣಾ" ಎಂದ ಲಾಯ್ಡ್.

"ದೂರದ್ದು ಕಾಣುತ್ತದೆ. ಹತ್ತಿರದ್ದು?" ಎಂದರು ಇವರು. ಲಾಯ್ಡ್ ನಕ್ಕುಬಿಟ್ಟ.

ಆನಂದರಾಯರಿಗೆ ಸಂಜೆ ನಡೆಯುವ ಅಭ್ಯಾಸ. ಆ ಊರಲ್ಲಿ ಫುಟ್‌ಪಾತೇ ಇಲ್ಲ. ಹುಲ್ಲಿನ ಅಂಚಿನಲ್ಲಿ ಅವರು ಹೋಗುತ್ತಿದ್ದರೆ ಕಾರಿನವರು ನಿಲ್ಲಿಸಿ, "ಗಾಡಿ ಕೆಟ್ಟಿದೆಯೇ?" ಎಂದು ಕೇಳುತ್ತಿದ್ದರು. ಸುಮ್ಮನೆ ನಡೆಯುವವನೂ ಒಬ್ಬನಿರಬಹುದೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಅಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಕೆಂಪು ದೀಪವಿದ್ದರೂ, ಒಮ್ಮೆ ನಿಂತು ನೋಡಿಕೊಂಡು ಬಲಕ್ಕೆ ತಿರುಗಬಹುದು. ಹೆಚ್ಚಿನವರು ನೋಡುವುದು ಎಡಕ್ಕೆ ಮಾತ್ರ, ಗಾಡಿ ಬರುತ್ತಿದೆಯೇ ಎಂದು. ಒಂದು ಸಂಜೆ ಆನಂದರಾಯರು ಬಲಗಡೆಯಿಂದ ರಸ್ತೆ ದಾಟುತ್ತಿದ್ದರು. ಕೆಂಪು ದೀಪದಲ್ಲಿದ್ದ ಟ್ರಕ್ಕೊಂದು ಎಡಕ್ಕೆ ನೋಡಿಕೊಂಡು ಬಲಕ್ಕೆ ತಿರುಗಿತು. ಅದು ಲಾಯ್ಡ್‌ನ ಟ್ರಕ್ಕು.

ಸುಗುಣಾಬಾಯಿ ಅಂದು ಡ್ಯೂಟಿಯಲ್ಲಿದ್ದರು. ಆಂಬುಲೆನ್ಸ್ ಆಸ್ಪತ್ರೆಯ ಅಂಗಳಕ್ಕೆ ಬಂದಾಗ ನಾನು ಅಲ್ಲೇ ನಿಂತಿದ್ದೆ. ಅದರಲ್ಲಿ ಯಾರಿದ್ದಾರೆಂದು ನನಗೂ ತಿಳಿಯಲಿಲ್ಲ, ಬಾಗಿಲಿಗೆ ಓಡಿಬಂದ ಅವರಿಗೂ ತಿಳಿದಿರಲಿಲ್ಲ. ಆ ರಾತ್ರಿ ಜೊತೆಯ ನರ್ಸೊಬ್ಬಳು ಅವರನ್ನು ತೋಳು ಹಿಡಿದು ತನ್ನ ಕಾರಿನಲ್ಲಿ ಕರೆದೊಯ್ದಳು.

"ನನಗೆ ಅವನು ಕಾಣಲೇ ಇಲ್ಲ" ಎಂದು ಲಾಯ್ಡ್ ಪೊಲೀಸರಿಗೆ ಹೇಳಿದ. ಎಚ್ಚರ ವಹಿಸದೆ ಓಡಿಸಿದ್ದಕ್ಕೆ ಸಣ್ಣ ದಂಡ ಹಾಕಿ ಬಿಟ್ಟರು.

ಆನಂದರಾಯರನ್ನು ಮಣ್ಣು ಮಾಡಿ ಕೆಲವು ವಾರಗಳಾದ ಮೇಲೆ ಸುಗುಣಾಬಾಯಿ ಅವನ ಅಂಗಳಕ್ಕೆ ಹೋದರು. ಬೇಲಿಯ ಈಚೆಯಿಂದ ನಾನು ಎಲ್ಲ ಕಂಡೆ.

"ಕೀಲಿ ಕೊಡು" ಎಂದರು. ಲಾಯ್ಡ್ ಕೊಟ್ಟ. ಅವರು ಟ್ರಕ್ಕು ಹತ್ತಿ ಕೂತರು.

"ಮುಂದೆ ಬಂದು ನಿಲ್ಲು."

ಅವನು ನಿಂತ.

"ಅವರು ನಿನ್ನಷ್ಟು ಎತ್ತರ ಇರಲಿಲ್ಲ. ಬಗ್ಗು."

ನೋಯುವ ಮಂಡಿ ಹಿಡಿದುಕೊಂಡು ಮುದುಕ ಬಗ್ಗಿದ. ಎಂಜಿನ್ ಶುರುವಾಯಿತು. ಒಂದು ಪಾದಕ್ಕೆ ಏನೇನು ಮಾಡಲು ಸಾಧ್ಯ ಎಂಬುದು ಕಾರಿಗೆ ಗೊತ್ತಿರುವಷ್ಟು ಮತ್ತಾರಿಗೆ ಗೊತ್ತು? ಅವನಿಗೂ ಗೊತ್ತಿತ್ತು. ಆದರೂ ಏಳಲಿಲ್ಲ. ಗುಡುಗುವ ಆ ಕಬ್ಬಿಣದ ಮುಖದ ಮುಂದೆ ತಲೆ ತಗ್ಗಿಸಿಕೊಂಡೇ ಇದ್ದ.

ಬಹಳ ಹೊತ್ತಿನ ಮೇಲೆ ಎಂಜಿನ್ ನಿಂತಿತು. ಅವರು ಇಳಿದರು.

"ಕಾಣಂಗಿಲ್ಲ" ಎಂದರು ತಮ್ಮಷ್ಟಕ್ಕೆ. ಆಮೇಲೆ ಅವನ ಭಾಷೆಯಲ್ಲಿ, "ನೀನು ಸುಳ್ಳು ಹೇಳಿರಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು" ಎಂದರು.

ಮನೆಗೆ ಹೋಗದೆ ನನ್ನೊಳಗೆ ಬಂದು ಕೂತು ಬಾಗಿಲು ಹಾಕಿಕೊಂಡು ಅತ್ತರು. ಸಿಟ್ಟು ಮಾಡಲು ಅವರಿಗೆ ಒಬ್ಬ ಮನುಷ್ಯನಾದರೂ ಬೇಕಿತ್ತು. ಅದೂ ಕೈಜಾರಿತು. ಲಾಯ್ಡ್ ಮುಂದೆ ಟ್ರಕ್ಕು ಮಾರಿ ತಂಗಿಯ ಊರಿಗೆ ಹೊರಟುಹೋದ.

ಆಸ್ಪತ್ರೆಗೆ ಬೇರೆ ದಾರಿಯಿರಲಿಲ್ಲ. ದಿನವೂ ಅದೇ ಕೂಡುರಸ್ತೆ, ಅದೇ ಕೆಂಪು ದೀಪ. ಹಸಿರಾಗುವವರೆಗೆ ಸುಗುಣಾಬಾಯಿ ತಿರುಗುತ್ತಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುವರು, ಬೈಯುವರು, ನಡುಬೆರಳು ಎತ್ತಿ ತೋರಿಸುವರು. ಅವರು ಬಲಗಡೆಗೇ ನೋಡುತ್ತ ಕೂತಿರುತ್ತಿದ್ದರು. ನನ್ನೊಂದಿಗೆ ಮಾತಾಡುವುದನ್ನು ಬಿಟ್ಟಿದ್ದರು.

ವರ್ಷಗಳು ಹೋದವು. ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪು ನನ್ನ ತಳಕ್ಕೆ ಹತ್ತಿ ತುಕ್ಕು ಹಿಡಿಯಿತು. ಅವರ ಕಣ್ಣೂ ಮಂಜಾಯಿತು. ಯಾರೂ ಕೇಳುವ ಮೊದಲೇ ಲೈಸೆನ್ಸನ್ನು ತಾವೇ ಹಿಂದಿರುಗಿಸಲು ನಿಶ್ಚಯಿಸಿದರು. ಅದಕ್ಕೂ ಮುಂಚೆ ಒಂದು ಬೆಳಿಗ್ಗೆ, ರಸ್ತೆ ಖಾಲಿಯಿದ್ದಾಗ, ಮೆಲ್ಲಗೆ ನನ್ನನ್ನು ನಾನೀಗ ನಿಂತಿರುವ ಈ ಗುಜರಿ ಅಂಗಳಕ್ಕೆ ತಂದರು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಅದರ ಗುಂಡಿಯ ಮೇಲೆ ಕೈಯಿಟ್ಟು ಕೊಂಚ ಹೊತ್ತು ಕೂತರು.

"ಸಾಕಾತು, ಇಳೀತೇನಿ" ಎಂದರು.

ಗುಜರಿಯವನು, "ಅಮ್ಮಾ, ಮನೆಗೆ ಹೇಗೆ ಹೋಗುತ್ತೀರಿ?" ಎಂದು ಕೇಳಿದ.

"ನಡೆದು."

"ನಡೆದೇ? ಹೆದ್ದಾರಿಯ ಪಕ್ಕ ಕಾಲಿಡಲೂ ಜಾಗವಿಲ್ಲ. ಬನ್ನಿ, ನಾನು ಬಿಡುತ್ತೇನೆ."

ಅವನು ತನ್ನ ಟ್ರಕ್ಕಿನ ಬಾಗಿಲು ತೆರೆದ. ಅದು ಲಾಯ್ಡ್‌ನದಕ್ಕಿಂತಲೂ ಎತ್ತರ. ಸುಗುಣಾಬಾಯಿ ಹೆದ್ದಾರಿಯ ಕಡೆ ನೋಡಿದರು, ಟ್ರಕ್ಕಿನ ಕಡೆ ನೋಡಿದರು. ಮೆಟ್ಟಿಲಿಗೆ ಕಾಲು ಎಟುಕಲಿಲ್ಲ. ಅವನು ರಟ್ಟೆ ಹಿಡಿದು, ಮಗುವನ್ನು ಎತ್ತಿದ ಹಾಗೆ ಅವರನ್ನು ಎತ್ತಿ ಕೂರಿಸಿದ. ಬಾಗಿಲು ಮುಚ್ಚಿದ ಮೇಲೆ ಕಿಟಕಿಯಲ್ಲಿ ಅವರ ನೆತ್ತಿಯ ಬಿಳಿಕೂದಲು ಮಾತ್ರ ಕಾಣುತ್ತಿತ್ತು.

ನಾನು ಅವರನ್ನು ಎಷ್ಟೋ ದೂರ ಹೊತ್ತಿದ್ದೇನೆ. ಆದರೆ ಗಾಡಿ ಹತ್ತದೆ ಮನೆ ಸೇರುವ ದಾರಿಯನ್ನು ಕೊಡುವುದು ಕಾರಿನ ಕೈಯಲ್ಲಿಲ್ಲ.