ಮಾಸ್ಟ್ರು ಮೊದಲು ಕೂರುತ್ತಿದ್ದ ತಕ್ಕಡಿ

“ಮೊದಲು ಆ ತಕ್ಕಡಿ ಇಳಿಸಿ! ಮತ್ತೆ ಹೆಣ ಎತ್ತುದು,” ಎಂದು ದುಗ್ಗಮ್ಮಜ್ಜಿ ಕೂಗಿದಾಗ, ಚಟ್ಟ ಹೆಗಲಿಗೇರಿಸಿದ್ದ ನಾಲ್ವರೂ ಎತ್ತಿದ್ದನ್ನು ಮತ್ತೆ ಇಳಿಸಿಬಿಟ್ಟರು.

ಶಾಲೆಯಂಗಳದ ಮಾವಿನ ಕೊಂಬೆಗೆ ತೂಗುಹಾಕಿದ್ದ ಆ ದೊಡ್ಡ ತಕ್ಕಡಿ ಅಡಿಕೆ ವ್ಯಾಪಾರಿ ಮಮ್ಮುವಿನದು. ಡ್ರಿಲ್ ಮಾಸ್ಟ್ರು ಜತ್ತಪ್ಪ ತಿಂಗಳಿಗೊಮ್ಮೆ ಮಕ್ಕಳನ್ನು ಅದರಲ್ಲಿ ಕೂರಿಸಿ ತೂಗುತ್ತಿದ್ದರು. ಈಗ ಅದೇ ಅಂಗಳದಲ್ಲಿ ಅವರದೇ ಹೆಣ.

ಪೂವಮ್ಮನಿಗೆ ಜಗಲಿಯ ಕಂಬ ಬಿಟ್ಟು ಕದಲಲಾಗಲಿಲ್ಲ. ಬೆಳಿಗ್ಗೆ ಹುಲ್ಲಿಗೆ ಹೊರಟವಳು ಕಣ್ಣಾರೆ ಕಂಡಿದ್ದಳು. ಮಕ್ಕಳ ಮುಂದೆ ಓಡುತ್ತಿದ್ದ ಮಾಸ್ಟ್ರು ಮೈದಾನದ ನಡುವೆ ತಟ್ಟನೆ ಕೂತರು. ಇದೂ ಒಂದು ಡ್ರಿಲ್ ಎಂದುಕೊಂಡ ಮಕ್ಕಳು ಹಿಂದೆಯೇ ಸಾಲಾಗಿ ಕೂತರು. ಮಾಸ್ಟ್ರು ಪಕ್ಕಕ್ಕೆ ವಾಲಿದರು. ಮಕ್ಕಳೂ ವಾಲಿ ಕಿಲಕಿಲ ನಕ್ಕರು. ಆ ನಗು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

“ಮನುಷ್ಯರನ್ನು ತೂಗುದು ದೇವರ ಮುಂದೆ ಮಾತ್ರ. ಇವರು ಅಡಿಕೆ ತೂಗಿದ ಹಾಗೆ ತೂಗಿದರು,” ಎಂದಳು ದುಗ್ಗಮ್ಮ. “ದೃಷ್ಟಿ ನನಗೆ ತಾಗಲಿ ಅಂತ ಬಾಯಾರೆ ಹೇಳಿದ್ದಲ್ಲವಾ? ತಾಗಿತು.”

ಪೂವಮ್ಮ ಕಂಬವನ್ನು ತಬ್ಬಿಕೊಂಡಳು. ಆ ಮಾತು ಆಡಿಸಿದವಳು ಅವಳೇ.

*

ಅದು ಅರವತ್ತೊಂದನೇ ಇಸವಿ. ಶಾಲೆಗೆ ಹಾಲಿನ ಪುಡಿಯ ಡಬ್ಬಗಳು ಬಂದಿದ್ದವು.

“ಹಾಲು ಕುಡಿಸುದು, ಓಡಿಸುದು, ತೂಗುದು. ತೂಗದಿದ್ದರೆ ಯಾರು ಸೊರಗುತ್ತಾರೆ ಅಂತ ಗೊತ್ತಾಗುದು ಹೇಗೆ?” ಎಂದಿದ್ದರು ಮಾಸ್ಟ್ರು.

ಎಲುಬು ಎಣಿಸಬಹುದಾಗಿದ್ದ ಮಗಳು ಕುಮುದಿನಿಯ ರಟ್ಟೆಯನ್ನು ಪೂವಮ್ಮ ಬಿಟ್ಟಿರಲಿಲ್ಲ. “ಬೇಡ ಮಾಸ್ಟ್ರೆ. ಒಂದು ಮಗು ಹೋದದ್ದೇ ಸಾಕು. ಇವಳಿಗೆ ದೃಷ್ಟಿ ತಾಗಿದರೆ ಹೊಣೆ ಯಾರು?”

ಮಾಸ್ಟ್ರು ಹೋಗಿ ತಕ್ಕಡಿಯ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. “ಮೊದಲು ನಾನು. ತಾಗುದಾದರೆ ನನಗೆ ತಾಗಲಿ. ಕಲ್ಲು ಹಾಕು ಮಾರಾಯ.”

“ಇಷ್ಟೂ ಅಡಿಕೆ ಆಗಿದ್ದರೆ ನಾನು ಸಾಹುಕಾರ,” ಎಂದ ಮಮ್ಮು. ಎಲ್ಲರೂ ನಕ್ಕರು. ಅಂದಿನಿಂದ ಪ್ರತಿ ಸಲವೂ ಮಾಸ್ಟ್ರೇ ಮೊದಲು. ಕುಮುದಿನಿಯ ಕೆನ್ನೆ ತುಂಬಿತು.

*

“ಅವನ ಎದೆ ಮೊದಲೇ ಸರಿ ಇರಲಿಲ್ಲ,” ಎಂದರು ಗುಂಡ್ಯದಿಂದ ಬಂದಿದ್ದ ಮಾಸ್ಟ್ರ ಅಣ್ಣ ಪದ್ಮಯ್ಯ. “ಓಡಬಾರದು ಅಂತ ಡಾಕ್ಟ್ರು ಹೇಳಿದ್ದರು. ನಾನು ಕೂತರೆ ಮಕ್ಕಳು ಓಡ್ತಾರಾ ಅಂತ ನನ್ನನ್ನೇ ಕೇಳ್ತಿದ್ದ.”

“ಎದೆ ಕೆಟ್ಟದ್ದು ಯಾತರಿಂದ?” ಎಂದಳು ದುಗ್ಗಮ್ಮ. “ಹೊಳೆಗೆ ಬಿಸಾಡಿ ಅದನ್ನು.”

ಮಮ್ಮು ತಕ್ಕಡಿ ಇಳಿಸಲು ಹಗ್ಗಕ್ಕೆ ಕೈಹಾಕಿದ. “ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಸಿಂಗಾರ ಮಾಡಬಾರದು ಅಂತ ಸುಮ್ಮನೆ ಹೇಳಿದ್ದಲ್ಲ,” ಎಂದು ಕಣ್ಣೊರೆಸಿಕೊಂಡ.

“ಅಮ್ಮ, ಇನ್ನು ನಮ್ಮನ್ನು ತೂಗುದಿಲ್ಲವಾ?” ಎಂದು ಕೇಳಿದಳು ಕುಮುದಿನಿ.

ಪೂವಮ್ಮ ಮಗಳ ಕೆನ್ನೆ ನೋಡಿದಳು, ಹೆಣಕ್ಕೆ ಹೊದಿಸಿದ್ದ ಬಿಳಿ ಬಟ್ಟೆ ನೋಡಿದಳು. ಅವಳಿಗೆ ಭಯವಾಯಿತು, ಬಹಳ ಭಯವಾಯಿತು. ಆದರೂ ಕಂಬ ಬಿಟ್ಟು ನಡೆದುಹೋಗಿ ಹಲಗೆಯ ಮೇಲೆ ಕೂತುಬಿಟ್ಟಳು.

“ಪೂವಕ್ಕ! ಹೆಣ ಅಂಗಳದಲ್ಲಿ ಉಂಟು!” ಎಂದ ಮಮ್ಮು.

“ಇರಲಿ, ಅವರೂ ನೋಡಲಿ. ಕಲ್ಲು ಹಾಕು ಮಮ್ಮು.” ಅವಳು ಮಾಸ್ಟ್ರ ಹಾಗೆಯೇ ಚಕ್ಕಳಮಕ್ಕಳ ಹಾಕಿದಳು. “ತಾಗುದಾದರೆ ನನಗೆ ತಾಗಲಿ.”

ಮಮ್ಮು ಒಂದೊಂದೇ ಕಲ್ಲಿಟ್ಟ. ಕೊಂಬೆ ಕಿರ್ರೆಂದಿತು, ಪೂವಮ್ಮ ನೆಲ ಬಿಟ್ಟು ಮೇಲೆದ್ದಳು.

ಸೀಟಿ ಊದುವವರಿರಲಿಲ್ಲ. ಆದರೂ ಮಕ್ಕಳು ಚಟ್ಟವನ್ನು ಬಳಸಿ ಬಂದು, ಒಬ್ಬರ ಹಿಂದೊಬ್ಬರು ಸಾಲು ನಿಂತರು. ಎಲ್ಲರಿಗಿಂತ ಮುಂದೆ ಕುಮುದಿನಿ, ಹಿಮ್ಮಡಿ ಜೋಡಿಸಿ, ಕೈ ಬದಿಗಿಳಿಸಿ, ಅಟೆನ್ಶನ್‌ನಲ್ಲಿ.