ಡಿಗ್ರಜದ ಕೆಂಪು ರಸ್ತೆ

ಮಿರಜದಿಂದ ಹೊರಟಾಗಿನಿಂದ ವೃಷಾಲಿ ಗಡಿಯಾರ ನೋಡುತ್ತಲೇ ಇದ್ದಳು. ತವರುಮನೆಯಿರುವ ಕಸಬೆ ಡಿಗ್ರಜಕ್ಕೆ ಇಂದು ದಿಗಂಬರ ಮುನಿಗಳು ಬರುವವರಿದ್ದರು. ದಿನಕ್ಕೆ ಒಂದೇ ಹೊತ್ತು ಉಣ್ಣುವ ಅವರು, ಬಾಗಿಲಲ್ಲಿ ಏನು ಕಂಡರೆ ಆ ಮನೆಯಲ್ಲಿ ಉಣ್ಣಬೇಕೆಂದು ಮನಸ್ಸಿನಲ್ಲೇ ನೇಮ ಹಿಡಿದಿರುತ್ತಾರೆ. ನೇಮ ಕೂಡದಿದ್ದರೆ ಮುಂದಿನ ಮನೆ. ಹೋದ ಸಲ ಮುನಿಗಳು ವೃಷಾಲಿಯ ಅವ್ವ ಮಂಗಲಳನ್ನು ದಾಟಿ ಹೋಗಿದ್ದರು. ಆ ಕೊರಗು ಅವ್ವನಿಗೆ ಇನ್ನೂ ಇಳಿದಿರಲಿಲ್ಲ. "ಈ ಸಲ ನೀ ಬಂದು ನನ್ನ ಜೋಡಿ ನಿಂದ್ರವ್ವಾ," ಎಂದು ಮಗಳನ್ನು ಬೇಡಿಕೊಂಡಿದ್ದಳು.

ಸಾಂಗ್ಲಿಯ ಸೇತುವೆ ಹತ್ತಿರ ಗಂಡ ನೀಲೇಶ ಮೊಬೈಲಿನ ನಕ್ಷೆ ನೋಡಿ ಲೊಚಗುಟ್ಟಿದ. ಡಿಗ್ರಜದ ರಸ್ತೆ ಉದ್ದಕ್ಕೂ ಕೆಂಪು, ವಾಹನಗಳು ಕಿಕ್ಕಿರಿದ ಗುರುತು.

"ಸಮಡೋಳಿ ಮ್ಯಾಲಿಂದ ಹೋಗೂಣು. ಅಲ್ಲಿ ರಸ್ತಾ ಸ್ವಚ್ಛ ಐತಿ."

"ತಡೀರಿ, ಅಪ್ಪ ಅದ ರಸ್ತಾದಾಗ ಮುನಿಗಳ ಜೋಡಿ ಅದಾರ, ಕೇಳ್ತೇನಿ."

ಅಪ್ಪ ಬಾಪೂಸಾಹೇಬರ ಫೋನು ಬಡಿದುಕೊಂಡೇ ಬಡಿದುಕೊಂಡಿತು, ಎತ್ತುವವರಿಲ್ಲ. ಅವ್ವ ಮಡಿಯಲ್ಲಿ ಅಡಿಗೆ ಮಾಡುತ್ತಿರುತ್ತಾಳೆ, ಫೋನು ಮುಟ್ಟುವುದಿಲ್ಲ. ಕಾರು ಸಮಡೋಳಿ ಕಡೆ ತಿರುಗಿತು.

ಊರು ದಾಟುವಷ್ಟರಲ್ಲಿ ಕಬ್ಬಿನ ಎತ್ತಿನ ಗಾಡಿಗಳ ಸಾಲು. ಮುಂದೊಂದು ಗಾಡಿ ಅಚ್ಚು ಮುರಿದು ಅಡ್ಡ ಬಿದ್ದಿತ್ತು. ಹಿಂದಿನಿಂದ ಇನ್ನಷ್ಟು ಗಾಡಿ ಬಂದು, ಕಾರು ತಿರುಗಿಸಲೂ ಜಾಗ ಉಳಿಯಲಿಲ್ಲ. ನಕ್ಷೆಯಲ್ಲಿ ಮಾತ್ರ ರಸ್ತೆ ಈಗಲೂ ಸ್ವಚ್ಛ.

ವೃಷಾಲಿಯ ಪಿತ್ತ ನೆತ್ತಿಗೇರಿತು. "ಇದಕ್ಕ ಕಣ್ಣ ಅದಾವೋ ಇಲ್ಲೋ?"

"ಅದಕ್ಕ ಕಣ್ಣ ಎಲ್ಲೀವು? ಮಂದಿ ಫೋನು ಎಷ್ಟ ಜೋರ ಹೊಂಟಾವು ಅನ್ನೂದಷ್ಟ ತಿಳೀತೈತಿ. ಭಾಳ ಫೋನು ಸಾವಕಾಶ ಹೊಂಟ್ರ ಕೆಂಪ. ಈ ಗಾಡಿ ಹೊಡಿಯವ್ರ ಕಡೆ ಅಂಥಾ ಫೋನಿಲ್ಲ, ಅದಕ್ಕ ಇಲ್ಲಿ ಯಾರೂ ಇಲ್ಲ ಅಂತ ತಿಳಕೊಂಡೈತಿ."

"ಇದನ್ನ ಮೊದ್ಲ ಹೇಳಾಕ ಏನಾಗಿತ್ರಿ?"

ನೀಲೇಶ ಕಾರಿನಿಂದ ಇಳಿದು, ಮುರಿದ ಗಾಡಿ ಬದಿಗೆ ಸರಿಸುವವರ ಜೊತೆ ಕೈ ಹಚ್ಚಿದ.

ಮನೆ ಮುಟ್ಟಿದಾಗ ಅವ್ವ ಕಳಶ ಹಿಡಿದು ಬಾಗಿಲಲ್ಲಿ ಹಾಗೇ ನಿಂತಿದ್ದಳು. ಮುನಿಗಳು ಎದುರುಮನೆಯಲ್ಲಿ ಆಹಾರ ಮುಗಿಸಿ ಬಸದಿಗೆ ಹೋಗಿಯಾಗಿತ್ತು. ಅವರ ನೇಮ ಈಗ ಊರಿಗೆಲ್ಲ ಗೊತ್ತು: ತಾಯಿ ಮಗಳು ಜೋಡಿಯಾಗಿ ನಿಂತಿರಬೇಕು. ಎದುರುಮನೆಯ ರಂಜನಾಳ ಪಕ್ಕ ಅವಳ ಮಗಳಿದ್ದಳು.

"ನನ್ನ ಮುಂದ ನಿಂತು ಬಾಜೂಕ ನೋಡಿದ್ರವ್ವಾ," ಎಂದಳು ಅವ್ವ. "ಯಾರೂ ಇರಲಿಲ್ಲ."

ಬಾಪೂಸಾಹೇಬರು ಜೀಪಿನಿಂದ ಒಂದು ಚೀಲ ಇಳಿಸಿ, ಮೊಬೈಲು ತೆಗೆದು ತೆಗೆದು ಹಂಚುತ್ತಿದ್ದರು. ಸಾಂಗ್ಲಿಯಿಂದ ಮುನಿಗಳ ಹಿಂದೆ ರಸ್ತೆಯ ಅಂಚಿನಲ್ಲಿ ನಡೆದು ಬಂದ ಭಕ್ತರವು. ಮುನಿಗಳ ಜೊತೆ ನಡೆಯುವಾಗ ಯಾರೂ ಫೋನು ಹಿಡಿಯಬಾರದೆಂದು ಎಲ್ಲರದನ್ನೂ ಇಸಿದುಕೊಂಡು ಜೀಪಿಗೆ ತುಂಬಿದ್ದು ಅವರದೇ ಕಾರಭಾರ. ಅವರ ಫೋನೂ ಆ ಚೀಲದಲ್ಲೇ ಇತ್ತು, ಜೀಪು ಹೊಡೆದುಕೊಂಡು ಬಂದವರೂ ಅವರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ತೆರೆದ ರಸ್ತೆಯನ್ನು ಅಪ್ಪನ ಚೀಲ ಮುಚ್ಚಿತ್ತು.

"ರಸ್ತಾ ಖಾಲಿ ಇತ್ತಲ್ಲ, ಎಲ್ಲಿ ಹೋಗಿದ್ದಿ?" ಎಂದು ಅವರೇ ಗದರಿದರು.

"ಅಪ್ಪಾ, ನಿಮ್ಮ ಚೀಲದಾಗಿನ ಫೋನು ಸಾವಕಾಶ ಹೊಂಟಿದ್ದಕ್ಕ ನಕ್ಷಾದಾಗ ರಸ್ತಾ ಕೆಂಪ ಆತು! ಜೀಪ ಜೋರ ಹೊಡಕೊಂಡು ಮುಂದ ಬರಾಕ ಏನ್ ಧಾಡಿ ಆಗಿತ್ತು ನಿಮಗ?"

ಬಾಪೂಸಾಹೇಬರಿಗೆ ಆ ಕೆಂಪು ತಿಳಿಯಲಿಲ್ಲ, ಕೊನೆಯ ಮಾತು ಮಾತ್ರ ತಿಳಿಯಿತು.

"ಬರಾವನ ಇದ್ದೆ," ಎಂದರು. "ನಿನ್ನ ಕಾರು ಹಿಂದಿಂದ ಬರ್ತೈತಿ, ಜೋಡೀಲೆ ಮನಿಗೆ ಹೋಗೂಣು ಅಂತ ನಿನ್ನ ಹಾದಿ ನೋಡಕೋತ ಸಾವಕಾಶ ಬಂದೇನಿ."