ಬಗ್ಗುಗವಿಗೆ ಹೋಗಿ ಬಂದ ದೋಣಿ

ನಾನು ಒಂದು ಪಾತಿ ದೋಣಿ. ಒಂದೇ ಮಾವಿನ ಬೊಡ್ಡೆಯನ್ನು ಕೊರೆದು ನನ್ನನ್ನು ಮಾಡಿದರು. ಹಲಗೆ ಜೋಡಿಸಿ, ಮೊಳೆ ಹೊಡೆದು, ಬಣ್ಣ ಬಳಿದುಕೊಂಡು ಮೆರೆಯುವ ದೋಣಿಗಳ ಜಾತಿ ನನ್ನದಲ್ಲ. ಅವುಗಳ ವಿಷಯ ನನ್ನ ಮುಂದೆ ಎತ್ತಲೇಬೇಡಿ. ನನ್ನನ್ನು ಕೆತ್ತಿದ ಆಚಾರಿಗೆ ಬಾಚಿಗಿಂತ ನಾಲಿಗೆ ಚುರುಕು. ಅವನ ಹರಟೆಯ ಭರದಲ್ಲಿ ನನ್ನ ಎಡಮಗ್ಗುಲು ಎರಡು ಬೆರಳು ತೆಳ್ಳಗಾಯಿತು. ಯಾರೋ ಕೇಳಿದ್ದಕ್ಕೆ, ಬೇಕೆಂದೇ ಹಾಗೆ ಮಾಡಿದ್ದೆಂದು ಘನವಾಗಿ ಹೇಳಿದ. ಮನುಷ್ಯರ ಮೇಲಿನ ನನ್ನ ಗೌರವ ಅಲ್ಲಿಗೇ ಮುಗಿಯಿತು.

ನಮ್ಮ ಊರು ಬೆಳ್ಳಬಂಡೆ. ಸುಣ್ಣಕಲ್ಲಿನ ಗುಡ್ಡ ನೇರ ಕಡಲಿಗೆ ಇಳಿಯುವ ಜಾಗ. ನೀರು ತಿಂದು ತಿಂದು ಆ ಗುಡ್ಡದ ಬುಡದಲ್ಲೂ ನೆತ್ತಿಯಲ್ಲೂ ಗವಿಗಳಾಗಿವೆ. ಬುಡದಲ್ಲಿರುವ ದೊಡ್ಡ ಗವಿಗೆ ಬಗ್ಗುಗವಿ ಎಂದು ಹೆಸರು. ಅದರ ಬಾಯಿ ತೆರೆಯುವುದು ಕಡಲು ಇಳಿದಾಗ ಮಾತ್ರ. ಆಗಲೂ ದೋಣಿಯಲ್ಲಿ ಅಂಗಾತ ಮಲಗಿ, ಮೇಲಿನ ಕಲ್ಲನ್ನು ಅಂಗೈಯಿಂದ ತಳ್ಳುತ್ತ ಒಳಗೆ ಜಾರಬೇಕು. ಒಳಗೆ ಬೇಕಾದಷ್ಟು ಎತ್ತರವಿದೆ, ಗೋಡೆ ತುಂಬ ಕಲ್ಲಿಗೆ ಕಚ್ಚಿದ ಚಿಪ್ಪುಗಳಿವೆ.

ನನ್ನ ಮೊದಲ ಯಜಮಾನ ಜಟ್ಟಿ ಹರಿಕಂತ್ರ ಆ ಚಿಪ್ಪು ಕೆತ್ತಿ ತಂದು ಬದುಕುತ್ತಿದ್ದ. ಗವಿಗೆ ಹೊರಡುವಾಗ ಏಳು ಕಲ್ಲುಗಳನ್ನು ನನ್ನೊಳಗೆ ಹೇರುತ್ತಿದ್ದ. ಖಾಲಿ ದೋಣಿ ನೀರಿನ ಮೇಲೆ ಎತ್ತರಕ್ಕೆ ನಿಲ್ಲುತ್ತದೆ, ಗವಿಬಾಯಿಯ ಮೇಲಿನ ಕಲ್ಲಿಗೆ ಬಡಿಯುತ್ತದೆ. ಕಲ್ಲಿದ್ದರೆ ತಗ್ಗಿ ನಡೆಯುತ್ತದೆ. ಒಳಗೆ ಒಂದು ಬುಟ್ಟಿ ಚಿಪ್ಪು ತುಂಬಿದರೆ ಒಂದು ಕಲ್ಲನ್ನು ಆಳಕ್ಕೆ ಬಿಡುತ್ತಿದ್ದ. ಹೋದಷ್ಟೇ ತಗ್ಗಿ ಹೊರಗೆ ಬರುತ್ತಿದ್ದೆವು. ಜಟ್ಟಿಗೆ ಸ್ನಾನ ಎಂದರೆ ಅಲರ್ಜಿ, ಹಾಡಿದರೆ ಕಾಗೆಗಳು ಎದ್ದು ಹೋಗುತ್ತಿದ್ದವು. ಈ ಲೆಕ್ಕಾಚಾರವೊಂದು ಮಾತ್ರ ಅವನಿಗೆ ಸರಿಯಾಗಿ ಬರುತ್ತಿತ್ತು.

ಜಟ್ಟಿ ಮುದುಕನಾದ ಮೇಲೆ ರೆಸಾರ್ಟಿನವನೊಬ್ಬ ನನ್ನನ್ನು ಬಾಡಿಗೆಗೆ ಒಯ್ದ. ಮೈಗೆಲ್ಲ ನೀಲಿ ಬಣ್ಣ, ಮೂತಿಗೆ ‘ಸೀ ಕ್ವೀನ್’ ಎಂಬ ಹೆಸರು. ಥೂ. ಪ್ರವಾಸಿಗರು ಗವಿಯ ಬಾಯಿವರೆಗೆ ಬಂದು, ಕತ್ತಲೆ ಕಂಡು ಹೆದರಿ, ಅದಕ್ಕೆ ಬೆನ್ನು ಹಾಕಿ ಫೋಟೋ ಹೊಡೆದುಕೊಂಡು, ಒಳಗೆಲ್ಲ ಸುತ್ತಿ ಬಂದೆವೆಂದು ಊರಿಗೆ ಸುದ್ದಿ ಕಳಿಸುತ್ತಿದ್ದರು.

ಜಟ್ಟಿ ತೀರಿಕೊಂಡ ವಾರದಲ್ಲೇ ಅವನ ಮಗಳು ಮಾದೇವಿ ಬಂದು ನನ್ನನ್ನು ಎಳೆದುಕೊಂಡು ಹೋದಳು. ಆ ಬಣ್ಣವನ್ನೆಲ್ಲ ಚಿಪ್ಪಿನಿಂದ ಕೆರೆದು ತೆಗೆದು, ಮೀನೆಣ್ಣೆ ಹಚ್ಚಿ, ಅಪ್ಪನ ಕೆಲಸಕ್ಕೇ ಇಳಿದಳು. ಅವಳ ಗಂಡನ ಮನೆ ಮುರಿದಿತ್ತು. ಅನ್ನ ಹುಟ್ಟಬೇಕಾದದ್ದು ನನ್ನಿಂದಲೇ. ಅವಳೂ ನನಗೆ ಅಷ್ಟಕ್ಕಷ್ಟೇ. ಎಲೆಯಡಿಕೆ ಜಗಿದು ನನ್ನ ಅಂಚಿಗೇ ಉಗುಳುತ್ತಿದ್ದಳು.

ಹೀಗಿರುವಾಗ ಶ್ರೀನಿಧಿ ಹತ್ವಾರ್ ಎಂಬ ಮಹಾಶಯರು ದಯಮಾಡಿಸಿದರು. ನಿವೃತ್ತ ಪ್ರಾಧ್ಯಾಪಕರು, ಗುಹಾನ್ವೇಷಣಾ ಬಳಗದ ಅಧ್ಯಕ್ಷರು. ಜೇಬುಗಳಿಗೇ ಹೊಲಿದಂತಿದ್ದ ಅಂಗಿ, ಕೊರಳಲ್ಲಿ ಸೀಟಿ. ಜತೆಗೆ ನಕ್ಷೆ ಬರೆಯುವ ಹುಡುಗಿ, ಐರಿನ್ ಸಲ್ಡಾನಾ. ಬಗ್ಗುಗವಿಯೂ ಗುಡ್ಡದ ನೆತ್ತಿಯ ಬಾವಲಿಗವಿಯೂ ಒಳಗೊಳಗೇ ಕೂಡುತ್ತವೆ ಎಂಬುದು ಹತ್ವಾರರ ವಾದ. ಕಡಲಿನಿಂದ ಹೊಕ್ಕು ಗುಡ್ಡದಿಂದ ಹೊರಬಂದು ತೋರಿಸುವೆನೆಂದು ಪತ್ರಿಕೆಯವರನ್ನು ಆಗಲೇ ಗುಡ್ಡದ ಮೇಲೆ ಕೂರಿಸಿ ಬಂದಿದ್ದರು.

ಅವರು ಮೊದಲು ಮಾಡಿದ ಕೆಲಸವೆಂದರೆ ನನ್ನೊಳಗಿನ ಏಳೂ ಕಲ್ಲುಗಳನ್ನು ದಡಕ್ಕೆ ಎಸೆಸಿದ್ದು. ಅವರ ಪೆಟ್ಟಿಗೆಗಳಿಗೆ ಜಾಗ ಬೇಕಿತ್ತು. ಬರುವಾಗ ನಾನೊಬ್ಬಳೇ, ಕಲ್ಲು ಬೇಕು ಎಂದು ಮಾದೇವಿ ಎರಡು ಸಲ ಹೇಳಿದಳು. ಭಾರ ಕಡಿಮೆ ಇದ್ದಷ್ಟೂ ಕ್ಷೇಮ, ಇದು ವಿಜ್ಞಾನ ಎಂದು ಅವರು ನಕ್ಕರು. ನೀರಿಗೆ ಇಳಿಯುವಾಗ ಚಪ್ಪಲಿ ಬಿಚ್ಚಬೇಕೆಂದೂ ತಿಳಿಯದ ಮನುಷ್ಯ!

ಮೂರು ಜನ, ಮೂರು ಪೆಟ್ಟಿಗೆ. ಹೋಗುವಾಗ ತೊಂದರೆಯೇನೂ ಆಗಲಿಲ್ಲ. ಒಳಗೆ ಇಳಿದು, ಪೆಟ್ಟಿಗೆ ಹೊತ್ತು, ಅವರಿಬ್ಬರೂ ಹಿಂದಿನ ಸಂದಿಯಲ್ಲಿ ಏರತೊಡಗಿದರು. ಮೇಲೆ ತಲುಪಿದರೆ ಹತ್ವಾರರು ಮೂರು ಸೀಟಿ ಊದಬೇಕು, ಆಗ ಮಾದೇವಿ ಹೊರಡಬಹುದು. ದಾರಿ ಇಲ್ಲದಿದ್ದರೆ ಅವರು ದೋಣಿಗೇ ಮರಳಬೇಕು. ಹಾಗೆಂದು ಮಾತಾಗಿತ್ತು.

ನಾವು ಕಾದೆವು. ಕಡಲು ಏರತೊಡಗಿತು. ಗವಿಯ ಬಾಯಿಯ ಬೆಳಕು ಚಾಪೆಯಷ್ಟಿದ್ದದ್ದು ಮೊರದಷ್ಟಾಯಿತು. ಸೀಟಿ ಕೇಳಲಿಲ್ಲ. ಒಳಗೆ ಜನ ಇರುವಾಗ ಬಿಟ್ಟು ಹೋಗುವುದು ಹೇಗೆ ಎಂದು ಅವಳು ಗೊಣಗುತ್ತ ಕುಳಿತೇ ಇದ್ದಳು. ಹೆಡ್ಡಿ, ಹೋಗು ಎಂದು ನಾನು ಮನಸ್ಸಿನಲ್ಲೇ ಬೈದೆ.

ಬಹಳ ಹೊತ್ತಿನ ಮೇಲೆ ಐರಿನ್ ಒಬ್ಬಳೇ ಕೆಳಗೆ ಇಳಿದು ಬಂದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವರು ಮೇಲೆ ತಲುಪಿ ಗಂಟೆ ಕಳೆದಿತ್ತಂತೆ. ಹಾರ, ಕ್ಯಾಮೆರಾ, ಭಾಷಣದ ಗದ್ದಲದಲ್ಲಿ ಹತ್ವಾರರು ಸೀಟಿಯನ್ನು ಮರೆತೇಬಿಟ್ಟಿದ್ದರು. ಇವಳೇ ಕಿತ್ತುಕೊಂಡು ಊದಿದರೆ ಅಲೆಯ ಸದ್ದಿಗೆ ಅದು ಕೆಳಗೆ ಇಳಿಯಲಿಲ್ಲ.

“ದೋಣಿ ಬಿಟ್ಟು ಬನ್ನಿ ಮಾದೇವಕ್ಕ, ಮೇಲಿಂದ ಹೋಗುವ,” ಎಂದಳು.

“ದೋಣಿ ಇಲ್ಲೇ ಬಿಟ್ರೆ ತುಂಬಿದ ನೀರು ಇದ್ನ ಮೇಲಿನ ಕಲ್ಲಿಗೆ ಬಡ್ದು ಚೂರು ಮಾಡ್ತದೆ. ನಾಳೆ ನಾ ಎಂತ ತಿನ್ನೂದು ತಂಗಿ? ನೀನು ಹೋಗು.”

ಮಾದೇವಿ ನನ್ನನ್ನು ಬಾಯಿಯತ್ತ ತಳ್ಳಿ ನೋಡಿದಳು. ನನ್ನ ಮೂತಿ ಕಲ್ಲಿಗೆ ಬಡಿಯಿತು. ಗೇಣಿನಷ್ಟು ಎತ್ತರ ಹೆಚ್ಚಾಗಿತ್ತು. ಹೇರಲು ಒಳಗೆ ಒಂದು ಬಿಡಿ ಕಲ್ಲಿಲ್ಲ. ಅಲೆ ಎಲ್ಲವನ್ನೂ ಗುಡಿಸಿ ಒಯ್ಯುತ್ತದೆ. ಆಗ ಅವಳು ಅಂಬಲಿಯ ತಂಬಿಗೆಯಿಂದ ನೀರು ಮೊಗೆದು ನನ್ನೊಳಗೇ ಸುರಿಯತೊಡಗಿದಳು. ದೋಣಿಯಿಂದ ನೀರು ಹೊರಹಾಕುವವರನ್ನು ಕಂಡಿದ್ದೆ, ತುಂಬುವವರನ್ನು ಕಂಡಿರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ನೀರು ಕಲ್ಲಿನಂತೆ ಒಂದು ಕಡೆ ಕೂರುವುದಿಲ್ಲ. ಒಂದು ಮಗ್ಗುಲಿಗೆ ಸರಿದರೆ ಮಗುಚಿಯೇ ಹಾಕುತ್ತದೆ.

ಐರಿನ್ ನೋಡುತ್ತ ನಿಂತಿದ್ದಳು. ಆಮೇಲೆ ಬೂಟು ಬಿಚ್ಚಿ, ನನ್ನೊಳಗೆ ಇಳಿದು ಆ ನೀರಿನಲ್ಲೇ ಮಲಗಿದಳು. ಅವಳಿಗೆ ಈಜು ಬರುತ್ತಿರಲಿಲ್ಲ. ಮಾದೇವಿ ಬೈದಳು, ಅವಳು ಏಳಲಿಲ್ಲ. ನೀರು ಕಡಿಮೆ ಸಾಕು, ನಾನು ಐವತ್ತೆಂಟು ಕಿಲೋ ಇದ್ದೇನೆ ಎಂದಳು.

ಇಬ್ಬರೂ ತಲೆಗೆ ತಲೆ ಹಚ್ಚಿ ಮಲಗಿದರು. ಅಲೆ ಇಳಿದ ಕ್ಷಣ ನೋಡಿ ಮಾದೇವಿ ಮೇಲಿನ ಕಲ್ಲನ್ನು ತಳ್ಳಿದಳು. ಕಲ್ಲು ನನ್ನ ಅಂಚನ್ನು ಮೂತಿಯಿಂದ ನಡುವಿನವರೆಗೆ ಸಿಗಿಯಿತು. ನನ್ನೊಳಗಿನ ನೀರಿನ ಮೇಲೆ ಅವರ ಮೂಗು ಮಾತ್ರ ಇತ್ತು. ಮುಂದಿನ ಅಲೆ ಬರುವುದರೊಳಗೆ ನಾವು ಬಿಸಿಲಿಗೆ ಬಂದಿದ್ದೆವು. ಐರಿನ್ ವಾಂತಿ ಮಾಡಿಕೊಂಡಳು, ನನ್ನೊಳಗೇ. ಆ ಒಂದು ಸಲ ನಾನು ಬೈಯಲಿಲ್ಲ.

ಹತ್ವಾರರ ಪುಸ್ತಕ ಆರು ತಿಂಗಳಲ್ಲಿ ಬಂತು. ಐರಿನ್ ಅದನ್ನು ತಂದು, ಅಂಗಳದಲ್ಲಿ ಕುಳಿತು ಮಾದೇವಿಗೆ ಓದಿ ಹೇಳಿದಳು. ಬಗ್ಗುಗವಿಯನ್ನು ‘ಸ್ಥಳೀಯ ಪಾತಿ ದೋಣಿಯೊಂದರ ನೆರವಿನಿಂದ’ ಪ್ರವೇಶಿಸಲಾಯಿತು ಎಂದಿತ್ತು. ತಾನು ಬರೆದುಕೊಟ್ಟ ಅವಳ ಹೆಸರನ್ನು ಸರ್ ಹೊಡೆದು ಹಾಕಿದರು ಎಂದು ತಲೆ ತಗ್ಗಿಸಿದಳು. ಮಾದೇವಿ ಎಲೆಗೆ ಸುಣ್ಣ ಹಚ್ಚುತ್ತ, ದೋಣಿಯಾದರೂ ಬಂತಲ್ಲ ಎಂದಳು. ನನಗೆ ನಾಚಿಕೆಯಾಯಿತು. ಊರವರನ್ನೆಲ್ಲ ಕೀಳಾಗಿ ಕಂಡ ನನಗೆ, ಪುಸ್ತಕದಲ್ಲಿ ಅವಳ ಹೆಸರಿನ ಜಾಗದಲ್ಲಿ ನಾನು ಕುಳಿತಿದ್ದೇನೆ ಎಂದು ತಿಳಿದಾಗ ನನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಆಮೇಲೆ ಹತ್ವಾರರೇ ಒಂದು ಲಾರಿ ತಂದರು. ನನ್ನನ್ನು ಒಯ್ದು ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಅವಳಿಗೆ ಹೊಸ ಫೈಬರ್ ದೋಣಿ ಕೊಡಿಸುತ್ತಾರಂತೆ. ಮಾದೇವಿ ಪೂರ್ತಿ ಕೇಳಿಸಿಕೊಂಡಳು.

“ಆ ಗವಿ ಬಾಗ್ಲಲ್ಲಿ ದೋಣಿ ಒಂದೇ ಇತ್ತನ್ರಿ? ಒಳಗೆ ನಾ ಮಲ್ಗಿದ್ದೆ. ಆ ಪೆಟ್ಟಿಗೆಲಿ ನನ್ನೂ ಮಲಗಿಸ್ತ್ರಾ?”

ಹತ್ವಾರರು ತಮಾಷೆಯೆಂದು ನಗಲು ಹೋದರು, ಅವಳ ಮುಖ ನೋಡಿ ಲಾರಿ ಹತ್ತಿದರು. ಲಾರಿ ಖಾಲಿ ಹೋಯಿತು.

ಈಗ ನಾನು ಅವಳ ಹಿತ್ತಲಿನಲ್ಲಿದ್ದೇನೆ. ನನ್ನ ಸೀಳಿದ ಅಂಚಿಗೆ ತೇಪೆ ನಿಲ್ಲಲಿಲ್ಲ. ಅವಳು ಬೇರೆಯವರ ದೋಣಿಯಲ್ಲಿ ಪಾಲಿಗೆ ಹೋಗುತ್ತಾಳೆ, ತಂದ ಚಿಪ್ಪನ್ನು ನನ್ನಲ್ಲಿ ತೊಳೆಯುತ್ತಾಳೆ. ಈಗಲೂ ಉಗುಳುತ್ತಾಳೆ. ಗವಿ ನೋಡಲು ಬರುವವರು ಪುಸ್ತಕ ಹಿಡಿದು ಬಂದು, ಅದರಲ್ಲಿರುವ ದೋಣಿ ಇದೇ ಏನು ಎಂದು ನನ್ನನ್ನು ತಟ್ಟುತ್ತಾರೆ. ಚಿಪ್ಪು ತೊಳೆಯುವ ಹೆಂಗಸಿಗೆ ಆಚೆ ಸರಿಯಲು ಹೇಳಿ ಫೋಟೋ ತೆಗೆಯುತ್ತಾರೆ. ಇಂಥವರ ಮುಂದೆ ನನ್ನ ಕಥೆ ಹೇಳಿಕೊಳ್ಳುವ ಚಪಲ ನನಗೆ ಯಾವತ್ತೂ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ ಒಂದು ಹೆಸರು ಎಲ್ಲಾದರೂ ಇರಲಿ ಎಂದು ಇಷ್ಟೆಲ್ಲ ಹೇಳಿದೆ: ಮಾದೇವಿ ಜಟ್ಟಿ ಹರಿಕಂತ್ರ.